ಎದುರಿಗೆ ನೋಡಿ ಬರೆದದ್ದು

ನವೆಂಬರ್ ತಿಂಗಳಲ್ಲಿ ಮೂರು ವಾರ ನಾನು ಹಾರ್‌ಗ್ರೀವ್ ಅವರ ಹಿತ್ತಲಿನಲ್ಲಿ ಬರಿಗಾಲಲ್ಲಿ ನಿಂತೆ. ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೆರಡರ ತನಕ. ಮಗುವನ್ನು ಶಾಲೆಗೆ ಬಿಟ್ಟು ನೇರ ಅಲ್ಲಿಗೆ ಹೋಗಬೇಕು. ಬೂಟು, ಕಾಲುಚೀಲ ಕಳಚಿ ಮೆಟ್ಟಿಲ ಮೇಲೆ ಇಡಬೇಕು. ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿರುತ್ತಿತ್ತು. ಕಾಲಿಟ್ಟರೆ ಗಾಜಿನ ಪುಡಿ ತುಳಿದ ಹಾಗೆ ಸದ್ದು. ಮೊದಲ ಹತ್ತು ನಿಮಿಷ ನೋವು. ಆಮೇಲೆ ಉರಿ. ಆಮೇಲೆ ಏನೂ ಇಲ್ಲ. ಏನೂ ಇಲ್ಲದ ಹೊತ್ತಿನಲ್ಲಿ ನಾನು ಅಲುಗಾಡದೆ ನಿಲ್ಲುತ್ತಿದ್ದೆ. ಆಗ ಅವರಿಗೆ ಸಂತೋಷ.

ಅವರು ಗಾಜಿನ ಕೋಣೆಯೊಳಗೆ ಕೂತಿರುತ್ತಿದ್ದರು. ಕಾಲ ಬಳಿ ಹೀಟರ್. ಮಂಡಿಯ ಮೇಲೆ ಉಣ್ಣೆಯ ಹೊದಿಕೆ. ಎದುರಿಗೆ ಹಲಗೆ, ಹಲಗೆಯ ಮೇಲೆ ಒದ್ದೆ ಕಾಗದ. ನನಗೆ ಏನಾದರೂ ಹೇಳಬೇಕಾದರೆ ಕುಂಚದ ಹಿಡಿಯಿಂದ ಗಾಜು ಕುಟ್ಟುತ್ತಿದ್ದರು. ಒಂದು ಸಲ ಕುಟ್ಟಿದರೆ ತಲೆ ಎತ್ತಬೇಕು. ಎರಡು ಸಲ ಕುಟ್ಟಿದರೆ ತಗ್ಗಿಸಬೇಕು. ಮೂರು ಸಲ ಕುಟ್ಟಿದರೆ ಒಳಗೆ ಬಂದು ಕೊಳೆ ನೀರು ಚೆಲ್ಲಿ, ಜಾಡಿಗೆ ಹೊಸ ನೀರು ತುಂಬಿಟ್ಟು, ಮತ್ತೆ ಹೊರಗೆ ಹೋಗಿ ನಿಲ್ಲಬೇಕು. ಒಳಗಿನ ಬಿಸಿ ತಾಗಿದಾಗ ಕಾಲು ಹೊರಗಿನದಕ್ಕಿಂತ ಹೆಚ್ಚು ನೋಯುತ್ತಿತ್ತು.

ಅವರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರಾಗಿ ನಿವೃತ್ತರಾದವರು. ಟ್ರೆಂಟ್ ನದಿ, ಸೇತುವೆ, ಚರ್ಚು, ಮಂಜಿನಲ್ಲಿ ನಿಂತ ದನ, ಇವನ್ನೆಲ್ಲ ಜಲವರ್ಣದಲ್ಲಿ ಬರೆದು ಆ ಭಾಗದಲ್ಲಿ ಹೆಸರಾಗಿದ್ದರು. ಅಂಚೆ ಕಚೇರಿಯ ಕ್ಯಾಲೆಂಡರಿನಲ್ಲಿ ಅವರದೇ ಚಿತ್ರ. ಪಾತ್ರೆ ಒರೆಸುವ ಬಟ್ಟೆಯ ಮೇಲೂ ಅವರದೇ ಚಿತ್ರ. ಆ ಹಳ್ಳಿಯಲ್ಲಿ ಅವರ ಒಂದು ಚಿತ್ರವಾದರೂ ಇಲ್ಲದ ಮನೆ ಇರಲಿಲ್ಲ.

ನಾನು ಇದ್ದ ಮನೆ ಹದಿನಾಲ್ಕನೇ ನಂಬರಿನದು. ಇಂಗ್ಲೆಂಡಿನ ಬೀಸ್ಟನ್ ಪಟ್ಟಣದಿಂದ ಎರಡು ಬಸ್ಸು ಹಿಡಿದು ಬರಬೇಕಾದ ಹಳ್ಳಿ. ಯಜಮಾನರು ಲಕ್ಷ್ಮೀನಾರಾಯಣ ಅವರು, ಬೀಸ್ಟನ್‌ನಲ್ಲಿ ಕಂಪ್ಯೂಟರ್ ಕೆಲಸ. ಅವರನ್ನು ನಾನು ಸರ್ ಎನ್ನುತ್ತಿದ್ದೆ. ಹೆಂಡತಿ ವಸುಂಧರಾ. ಅಮ್ಮಾವ್ರೆ ಅನ್ನಬೇಡ, ಇಲ್ಲಿ ಕೇಳಿಸಿಕೊಂಡವರು ಏನಂದುಕೊಂಡಾರು, ಅಕ್ಕ ಅನ್ನು ಎಂದು ಅವರೇ ಹೇಳಿಕೊಟ್ಟಿದ್ದರು. ಮಗಳು ಅದಿತಿಗೆ ಆರು ವರ್ಷ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ನಾನು ಇಂಗ್ಲಿಷ್ ಕಲಿತದ್ದು ಆ ಉತ್ತರಗಳಿಂದ. ಅರ್ಥವಾಗುತ್ತಿತ್ತು. ಬಾಯಿ ಬಿಡುತ್ತಿರಲಿಲ್ಲ. ಕನ್ನಡದಲ್ಲೂ ನಾನು ಹೆಚ್ಚು ಬಾಯಿ ಬಿಟ್ಟವಳಲ್ಲ.

ನನ್ನ ಹೆಸರು ಸಕ್ರಿಬಾಯಿ. ಅವರಿಗೆ ಸಕ್ಕು. ನಮ್ಮದು ಹಡಗಲಿ ಕಡೆಯ ಒಂದು ತಾಂಡಾ. ನಾವು ಲಂಬಾಣಿಗಳು. ಅವ್ವ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಕಲ್ಲು ಹೊರುತ್ತಿದ್ದಳು. ತಂಗಿಯನ್ನು ನೋಡಿಕೊಳ್ಳಲು ಆರನೇ ಕ್ಲಾಸಿಗೆ ನನ್ನ ಶಾಲೆ ಬಿಡಿಸಿದರು. ಆ ಕಟ್ಟಡ ಮುಗಿದ ಮೇಲೆ ಅದರ ಮೂರನೇ ಮಹಡಿಗೆ ಬಂದವರು ಅಕ್ಕನ ತಾಯಿ. ಅವ್ವ ಹೊತ್ತ ಕಲ್ಲಿನ ಮನೆಯ ನೆಲ ಒರೆಸುತ್ತ ನಾನು ದೊಡ್ಡವಳಾದೆ. ಅಲ್ಲಿಂದ ಅಕ್ಕ ನನ್ನನ್ನು ಇಂಗ್ಲೆಂಡಿಗೆ ಕರೆತಂದರು. ಎರಡು ಸಾವಿರದ ಎರಡನೇ ಇಸವಿ. ನನ್ನ ಪಾಸ್‌ಪೋರ್ಟು ಸರ್ ಅವರ ಮೇಜಿನ ಡ್ರಾಯರಿನಲ್ಲಿತ್ತು. ನನ್ನ ತಟ್ಟೆ ಮತ್ತು ಮಗ್ಗು ಸಿಂಕಿನ ಕೆಳಗೆ, ಬ್ಲೀಚಿನ ಬಾಟಲಿಯ ಪಕ್ಕದಲ್ಲಿದ್ದವು.

ಅದೇ ಮನೆಯ ಹಾಲಿನಲ್ಲಿ ಲಂಬಾಣಿ ಕಸೂತಿಯ ಒಂದು ಬಟ್ಟೆಯನ್ನು ಗಾಜಿನ ಚೌಕಟ್ಟಿನಲ್ಲಿ ಹಾಕಿಸಿ ತೂಗುಹಾಕಿದ್ದರು. ಬಂದವರಿಗೆಲ್ಲ ಅಕ್ಕ ಅದನ್ನು ತೋರಿಸುತ್ತಿದ್ದರು. ಅದರ ದೂಳು ಒರೆಸುವುದು ನನ್ನ ಕೆಲಸ. ನಮ್ಮಜ್ಜಿ ಅಂಥದ್ದನ್ನು ಹರಿಯುವ ತನಕ ಉಟ್ಟು, ಹರಿದ ಮೇಲೆ ಒಲೆಯ ಮೇಲಿನ ಪಾತ್ರೆ ಹಿಡಿದು ಇಳಿಸಲು ಇಟ್ಟುಕೊಳ್ಳುತ್ತಿದ್ದಳು.

ಅಕ್ಕ ಪ್ರತಿ ಬುಧವಾರ ಹಾರ್‌ಗ್ರೀವ್ ಅವರ ವಾಟರ್‌ಕಲರ್ ಕ್ಲಾಸಿಗೆ ಹೋಗುತ್ತಿದ್ದರು. ಹಳ್ಳಿಯ ಹೆಂಗಸರೆಲ್ಲ ಅಲ್ಲಿ ಸೇರುತ್ತಿದ್ದರು. ಎರಡು ವರ್ಷವಾದರೂ ಯಾರೂ ಅಕ್ಕನನ್ನು ಮನೆಗೆ ಕರೆದಿರಲಿಲ್ಲ. ಹಾಗಾಗಿ ಅಕ್ಕನೇ ಅವರನ್ನು ಟೀಗೆ ಕರೆದರು. ಬಂದವರು ಹಾರ್‌ಗ್ರೀವ್ ಒಬ್ಬರೇ. ಗೋಡೆಯ ಕಸೂತಿ ನೋಡಿ ಇದು ಯಾರದ್ದು ಎಂದು ಕೇಳಿದರು. ಅಕ್ಕನಿಗೆ ಮಾತು ಸಿಕ್ಕಿತು. ಯೂರೋಪಿನ ಜಿಪ್ಸಿಗಳೆಲ್ಲ ಭಾರತದಿಂದಲೇ ಬಂದವರು, ನಮ್ಮ ಲಂಬಾಣಿಗಳೂ ಅವರೂ ಒಂದೇ, ರಕ್ತ ಒಂದೇ, ಭಾಷೆ ಒಂದೇ, ನಿಮ್ಮಲ್ಲಿರುವವರು ನಕಲು, ನಮ್ಮಲ್ಲಿರುವವರೇ ಒರಿಜಿನಲ್ ಎಂದರು. ಎಲ್ಲಿ ಓದಿದ್ದರೋ.

ನಾನು ತಟ್ಟೆಯಲ್ಲಿ ಚಕ್ಕುಲಿ ಹಿಡಿದು ನಿಂತಿದ್ದೆ.

"ಇವಳೇ ನೋಡಿ," ಎಂದರು ಅಕ್ಕ.

ಹಾರ್‌ಗ್ರೀವ್ ಸಂತೆಯಲ್ಲಿ ಎತ್ತು ನೋಡಿದ ಹಾಗೆ ಕಾಲಿನಿಂದ ನೋಡುತ್ತ ಮೇಲೆ ಬಂದರು. ಹಲ್ಲು ತೋರಿಸು ಎನ್ನಲಿಲ್ಲ, ಅಷ್ಟೆ.

ಅವರಿಗೆ ಆಗ ಒಬ್ಬ ಜಿಪ್ಸಿ ಹೆಂಗಸು ಬೇಕಾಗಿದ್ದಳು. ಆ ಶರತ್ಕಾಲದಲ್ಲಿ ಕಾಲುವೆಯ ಪಕ್ಕದ ಹೊಲಕ್ಕೆ ಜಿಪ್ಸಿಗಳ ಎಂಟು ಕ್ಯಾರವಾನುಗಳು, ಚಕ್ರದ ಮೇಲಿನ ಮನೆಗಳು, ಬಂದಿದ್ದವು. ಹೊಲವನ್ನು ಅವರು ಕೊಂಡುಕೊಂಡೇ ಬಂದಿದ್ದರು. ಆದರೆ ಸ್ವಂತ ಹೊಲದಲ್ಲಿ ಗಾಡಿ ನಿಲ್ಲಿಸಿ ಬದುಕಲು ಕೌನ್ಸಿಲ್‌ನ ಅನುಮತಿ ಬೇಕು. ಜನವರಿಯಲ್ಲಿ ಪ್ಲಾನಿಂಗ್ ಕಮಿಟಿ ಸಭೆ ಸೇರಿ ಅವರು ಇರಬಹುದೋ ಹೋಗಬೇಕೋ ಎಂದು ತೀರ್ಮಾನಿಸುವುದಿತ್ತು. ಹಳ್ಳಿಯವರು ಅವರ ವಿರುದ್ಧ ಹೋರಾಟ ಸಮಿತಿ ಮಾಡಿಕೊಂಡರು. ಹಾರ್‌ಗ್ರೀವ್ ಅದರ ಕಾರ್ಯದರ್ಶಿ.

ಅಕ್ಟೋಬರಿನಲ್ಲಿ ಅವರು ಮಡಚುವ ಸ್ಟೂಲು ಹಿಡಿದು ಹೊಲಕ್ಕೆ ಹೋಗಿದ್ದರಂತೆ. ಅಲ್ಲಿಯ ಮುದುಕಿ ಬೂಟು ಬಿಚ್ಚಿ ಒಳಗೆ ಬನ್ನಿ, ನನ್ನ ಪಿಂಗಾಣಿ ತಟ್ಟೆಗಳ ಮುಂದೆ ಕೂರುತ್ತೇನೆ, ಹಾಗೆ ಬರೆಯಿರಿ ಎಂದಳಂತೆ. ಇವರಿಗೆ ಅದು ಬೇಡ. ಬೆಂಕಿ ಬೇಕು, ಹೊಗೆ ಬೇಕು, ಕೆದರಿದ ಕೂದಲು ಬೇಕು. ಮುದುಕಿ ಬಾಗಿಲು ಹಾಕಿಕೊಂಡಳು. ನಿಜವಾದ ಜಿಪ್ಸಿಗಳು ಐವತ್ತು ವರ್ಷದ ಹಿಂದೆಯೇ ಮುಗಿದುಹೋದರು, ಇವರ ಗಾಡಿಯ ಮೇಲೆ ಟಿವಿ ಡಿಶ್ ಇದೆ ಎಂದು ಹಾರ್‌ಗ್ರೀವ್ ಅಕ್ಕನ ಹತ್ತಿರ ಬೇಸರಪಟ್ಟುಕೊಂಡರು.

ಹೀಗೆ ನಾನು ಸಿಕ್ಕಿದೆ. ನನ್ನನ್ನು ಕೊಟ್ಟದ್ದಕ್ಕೆ ಬದಲಾಗಿ ಕ್ರಿಸ್‌ಮಸ್ ಪ್ರದರ್ಶನದಲ್ಲಿ ಅಕ್ಕ ಬರೆದ ದಾಸವಾಳದ ಚಿತ್ರವನ್ನೂ ತೂಗುಹಾಕುವುದು ಎಂದಾಯಿತು.

ನನ್ನ ಕೂದಲು ಬಿಚ್ಚಿಸಿದರು. ಸ್ವೆಟರ್ ತೆಗೆಸಿ ಹಳೆಯ ಪರದೆ ಬಟ್ಟೆಯನ್ನು ಹೆಗಲಿಗೆ ಸುತ್ತಿಸಿದರು. ಕೆನ್ನೆಗೆ ಮಸಿ ಹಚ್ಚಿದರು. ಹಿತ್ತಲಿನ ಕಸದ ಚೀಲಗಳನ್ನು ನನ್ನ ಹಿಂದೆ ಹರಡಲು ನನಗೇ ಹೇಳಿದರು. ಹರಡಿದೆ. ಒದ್ದೆ ಎಲೆಗೆ ಬೆಂಕಿ ಹಚ್ಚಿ ಹೊಗೆ ಎಬ್ಬಿಸು ಎಂದರು. ಎಬ್ಬಿಸಿದೆ. ಕಣ್ಣಿನಲ್ಲಿ ನೀರು ಬಂತು. ಅದು ಬಹಳ ಚೆನ್ನಾಗಿದೆ, ಒರೆಸಬೇಡ ಎಂದರು.

ಎರಡನೇ ವಾರದ ಕೊನೆಗೆ ನನ್ನ ಕಾಲಿನ ಬೆರಳು ಊದಿಕೊಂಡವು. ನೇರಳೆ ಹಣ್ಣಿನ ಬಣ್ಣ. ರಾತ್ರಿ ತುರಿಕೆ, ಹಗಲು ಉರಿ. ಊರಿನ ಡಾಕ್ಟರು, ಜಿಪಿ ಹತ್ತಿರ ಹೋಗಬೇಕೇ ಎಂದು ಅಕ್ಕನನ್ನು ಕೇಳಿದೆ.

"ಅಯ್ಯೋ, ಇಷ್ಟಕ್ಕೆಲ್ಲ ಜಿಪಿನಾ? ವ್ಯಾಸಲೀನ್ ಹಚ್ಕೋ. ನಿಮ್ಮ ಜನಕ್ಕೆ ಬರಿಗಾಲು ಹೊಸದೇನೇ ಸಕ್ಕು?"

ಮೂರನೇ ವಾರ ಚರ್ಮ ಒಡೆಯಿತು. ಅವತ್ತೇ ಚಿತ್ರ ಮುಗಿಯಿತು. ಹಾರ್‌ಗ್ರೀವ್ ನನ್ನನ್ನು ಒಳಗೆ ಕರೆದು ತೋರಿಸಿದರು. ಕಾಗದದ ಕೆಳಭಾಗ ಇನ್ನೂ ಒದ್ದೆ ಇತ್ತು. ಅಡಿಗೆಮನೆಯಿಂದ ಉಪ್ಪು ತಂದು ಚಿಟಿಕೆ ಚಿಟಿಕೆಯಾಗಿ ಅದರ ಮೇಲೆ ಉದುರಿಸಿದರು. ಉಪ್ಪು ಬಣ್ಣವನ್ನು ಹೀರಿಕೊಂಡ ಕಡೆಯೆಲ್ಲ ಬಿಳಿಯ ಚುಕ್ಕೆಗಳೆದ್ದವು. ಹುಲ್ಲಿನ ಮೇಲಿನ ಇಬ್ಬನಿ ಹಾಗೇ ಮೂಡಿತು. ಚಿತ್ರದಲ್ಲಿದ್ದ ಹೆಂಗಸು ನನ್ನ ಹಾಗೇ ಇದ್ದಳು. ಅವಳ ಹಿಂದೆ ಹಿತ್ತಲಿನ ಬೇಲಿ ಇರಲಿಲ್ಲ. ಕಾಲುವೆಯ ಪಕ್ಕದ ಹೊಲ, ಎಂಟು ಕ್ಯಾರವಾನು ಇದ್ದವು. ಆ ಗಾಡಿಗಳ ಮುಂದೆ ನಾನು ಹರಡಿದ ಕಸ. ಕೆಳಗೆ ಪೆನ್ಸಿಲಿನಲ್ಲಿ ಎರಡು ಸಾಲು ಬರೆದಿದ್ದರು. ಮೊದಲನೆಯದು ಅವರ ಹೆಸರು. ಎರಡನೆಯದು ಏನೆಂದು ಆಮೇಲೆ ಅಕ್ಕ ಹೇಳಿದರು. ಹೊಲದಲ್ಲಿ, ಎದುರಿಗೆ ನೋಡಿ ಬರೆದದ್ದು.

ಮನೆಗೆ ಹೊರಟಾಗ ಬೂಟಿನೊಳಗೆ ಕಾಲು ಹೋಗಲಿಲ್ಲ. ಬೂಟಿನ ಹಿಮ್ಮಡಿ ತುಳಿದುಕೊಂಡು ಕಾಲುವೆಯ ದಾರಿಯಲ್ಲಿ ನಡೆದೆ. ಆ ಹೊಲದ ಗೇಟಿನ ಬಳಿ ನಿಲ್ಲಬೇಕಾಯಿತು. ಮುಂದಕ್ಕೆ ಆಗಲಿಲ್ಲ.

ಗೇಟಿನ ಒಳಗಿದ್ದ ಮುದುಕಿ ನನ್ನ ಕಾಲು ನೋಡಿದಳು. ಯಾರು, ಏನು ಎಂದು ಕೇಳಲಿಲ್ಲ. ತೋಳು ಹಿಡಿದು ಗಾಡಿಯ ಮೆಟ್ಟಿಲ ಮೇಲೆ ಕೂರಿಸಿದಳು. ಅವಳ ಹೆಸರು ಬ್ರಿಟಾನಿಯಾ. ನಮ್ಮಲ್ಲಿ ಅದು ಬಿಸ್ಕತ್ತಿನ ಹೆಸರು. ಅವಳ ಜನರಲ್ಲಿ ಹೆಣ್ಣುಮಕ್ಕಳಿಗೆ ಹಾಗೆ ಹೆಸರಿಡುತ್ತಾರಂತೆ.

ಗಾಡಿಯ ಒಳಗೆ ಇಣುಕಿದೆ. ಅಂಥ ಚೊಕ್ಕಟ ನಾನು ನೋಡಿರಲಿಲ್ಲ. ಕನ್ನಡಿಯ ಹಾಗಿನ ನೆಲ. ಗೋಡೆಯ ತುಂಬ ಬಂಗಾರದ ಅಂಚಿನ ತಟ್ಟೆಗಳು. ಬಾಗಿಲ ಹೊರಗೆ ಬೇಸಿನ್ನುಗಳು ಸಾಲಾಗಿದ್ದವು. ಮುಖಕ್ಕೆ ಒಂದು, ಪಾತ್ರೆಗೆ ಒಂದು, ಬಟ್ಟೆಗೆ ಒಂದು, ಕಾಲಿಗೆ ಒಂದು. ಒಂದರದ್ದು ಇನ್ನೊಂದಕ್ಕೆ ತಾಗಬಾರದು. ಅವಳು ಚಹಾ ಕೊಟ್ಟಳು. ಕಪಾಟಿನಿಂದಲ್ಲ, ಮೆಟ್ಟಿಲ ಕೆಳಗಿನ ಪೆಟ್ಟಿಗೆಯಿಂದ ಒಂದು ಅಂಚು ಮುರಿದ ಮಗ್ಗು ತೆಗೆದಳು. ನೋಡಿದ ಕೂಡಲೇ ತಿಳಿಯಿತು. ಅದು ಹೊರಗಿನವರ ಮಗ್ಗು. ಇಲ್ಲೂ ನನಗೆ ಅದೇ. ಸುಮ್ಮನೆ ಕುಡಿದೆ.

ಕಾಲಿನ ಬೇಸಿನ್ನಿಗೆ ಬಿಸಿನೀರು ಸುರಿದು, ಅವಳು ಒಳಗಿದ್ದ ಮೊಮ್ಮಗಳಿಗೆ ಕೂಗಿ ಹೇಳಿದಳು. ಇಂಗ್ಲಿಷಿನ ನಡುವೆ ಒಂದು ಪದ ಬಂತು. ಲೋನ್. ಮೊಮ್ಮಗಳು ಉಪ್ಪಿನ ಡಬ್ಬಿ ತಂದಳು.

ನಾವು ಉಪ್ಪಿಗೆ ಲೂಣ್ ಎನ್ನುತ್ತೇವೆ. ನಮ್ಮ ಹಿಂದಿನವರು ಎತ್ತಿನ ಬೆನ್ನಿಗೆ ಉಪ್ಪು ಹೇರಿಕೊಂಡು ಊರೂರು ತಿರುಗಿದವರು. ಆ ಪದ ನನ್ನ ಬಾಯಿಂದ ಬಂದು ಆರು ವರ್ಷವಾಗಿತ್ತು. ಅಕ್ಕನ ಮನೆಯಲ್ಲಿ ಅದಕ್ಕೆ ಕೆಲಸವಿರಲಿಲ್ಲ.

"ಲೂಣ್," ಎಂದೆ.

ಮುದುಕಿ ನೀರಿನಲ್ಲಿ ಕೈ ಇಟ್ಟುಕೊಂಡೇ ತಲೆ ಎತ್ತಿದಳು. ಬೇಸಿನ್ನಿನ ನೀರು ತೋರಿಸಿ ಇದಕ್ಕೇನು ಎಂದು ಕೇಳಿದಳು. ಪಾಣಿ ಎಂದೆ. ಅವಳೂ ಪಾನಿ ಎಂದಳು. ಮೂಗು ಮುಟ್ಟಿಕೊಂಡಳು. ನಾಕ್ ಎಂದೆ. ಅವಳದು ನೋಕ್. ನಾನು ನಗಲಿಲ್ಲ. ಉಪ್ಪು ನೀರು ಒಡೆದ ಚರ್ಮಕ್ಕೆ ತಾಗಿ ನನ್ನ ಪ್ರಾಣ ಹೋಗುತ್ತಿತ್ತು. ಅವಳು ಎದ್ದು ಕೈ ತೊಳೆದು, ಆ ಮಗ್ಗನ್ನು ನನ್ನ ಕೈಯಿಂದ ತೆಗೆದುಕೊಂಡು, ಒಳಗಿನಿಂದ ಬಂಗಾರದ ಅಂಚಿನ ಕಪ್ಪಿನಲ್ಲಿ ಮತ್ತೆ ಚಹಾ ತಂದುಕೊಟ್ಟಳು.

ನಾವು ಒಂದೇ ಜನ ಎಂದು ಅವಳೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ನಾಲ್ಕೈದು ಪದ ಸಿಕ್ಕಿದವು. ಉಳಿದದ್ದು ಅವಳದು ಅವಳಿಗೆ, ನನ್ನದು ನನಗೆ. ಕಾಲು ವಾಸಿಯಾಗುವ ತನಕ ದಿನವೂ ಹೋದೆ.

ಕ್ರಿಸ್‌ಮಸ್ ಪ್ರದರ್ಶನದಲ್ಲಿ ನನ್ನ ಚಿತ್ರಕ್ಕೆ ಬಹುಮಾನ ಬಂತು. ಅಕ್ಕನ ದಾಸವಾಳವನ್ನು ಕೋಟು ತೂಗುಹಾಕುವ ಜಾಗದ ಪಕ್ಕದಲ್ಲಿ ಹಾಕಿದ್ದರು. ಆದರೂ ಅಕ್ಕ ಮೂರು ದಿನ ಹಾಡಿಕೊಂಡಿದ್ದರು.

ಜನವರಿ ಮೊದಲ ವಾರ. ಅದಿತಿಯನ್ನು ಶಾಲೆಯಿಂದ ಕರೆತರುವಾಗ ಪ್ರತಿ ದೀಪದ ಕಂಬದ ಮೇಲೂ ಒಂದು ಕಾಗದ. ಅಂಗಡಿಯ ಬಾಗಿಲ ಮೇಲೆ, ಬಸ್ ಸ್ಟಾಪಿನ ಗಾಜಿನ ಮೇಲೆ, ಚರ್ಚಿನ ಗೇಟಿನ ಮೇಲೆ ಅದೇ ಕಾಗದ. ಅದಿತಿ ನಿಂತು ಅಕ್ಷರ ಜೋಡಿಸಿ ಓದಿದಳು. ನಿಮ್ಮ ಪಕ್ಕದಲ್ಲಿ ಇದು ಬೇಕೇ? ಆಮೇಲೆ ನನ್ನ ಮುಖ ನೋಡಿದಳು.

"ದಟ್ಸ್ ಯೂ, ಸಕ್ಕು."

ಮಸಿ ಹಚ್ಚಿದ ಮುಖ. ಬರಿಗಾಲು. ಹಿಂದೆ ಕಸ. ಕೆಳಗೆ ಸಣ್ಣ ಅಕ್ಷರದಲ್ಲಿ ಆ ಎರಡು ಸಾಲು. ಯಾರೋ ಒಂದರ ಮೇಲೆ ನನ್ನ ಬಾಯಿಗೆ ಸಿಗರೇಟು ಬರೆದಿದ್ದರು. ಇನ್ನೊಂದರ ಮೇಲೆ ಉಗುಳಿದ್ದರು. ಉಗುಳು ಕೆನ್ನೆಯ ಮೇಲೆ ಹೆಪ್ಪುಗಟ್ಟಿತ್ತು.

ಅಕ್ಕನ ಮುಂದೆ ಕಾಗದ ಇಟ್ಟೆ. ಅವರಿಗೆ ಮೊದಲೇ ಗೊತ್ತಿತ್ತು.

"ನೋಡು, ಅದು ನೀನು ಅಂತ ಯಾರಿಗೂ ಗೊತ್ತಾಗಲ್ಲ. ಅದ್ರಲ್ಲಿರೋದು ಯಾರೋ ಜಿಪ್ಸಿ, ಅಷ್ಟೆ."

"ಹೊಲದವರಿಗೆ ಹೆಸರು ಕೆಡುತ್ತೆ ಅಕ್ಕ."

"ನಿಂಗ್ಯಾಕೆ ಅವರ ಚಿಂತೆ?" ಎಂದರು ಸರ್, ಲ್ಯಾಪ್‌ಟಾಪಿನಿಂದ ತಲೆ ಎತ್ತದೆ. "ನಾವೂ ಪಿಟಿಷನ್‌ಗೆ ಸೈನ್ ಹಾಕಿದೀವಿ. ಮಾರ್ಟ್‌ಗೇಜ್ ಇಪ್ಪತ್ತೈದು ವರ್ಷ ಇದೆ. ಮನೆ ರೇಟ್ ಬಿದ್ರೆ ನಿಮ್ಮಪ್ಪ ಕಟ್ತಾನಾ?"

ನಮ್ಮಪ್ಪ ಸತ್ತು ಒಂಬತ್ತು ವರ್ಷವಾಗಿತ್ತು. ಕಟ್ಟಡಕ್ಕೆ ಕಟ್ಟಿದ್ದ ಸಾರವೆ ಮುರಿದು ನಾಲ್ಕನೇ ಮಹಡಿಯಿಂದ ಬಿದ್ದ. ಅದು ಸರ್‌ಗೆ ಗೊತ್ತಿರಲಿಲ್ಲ.

ಮರುದಿನ ಹೊಲಕ್ಕೆ ಹೋದೆ. ಮೊಮ್ಮಗಳು ಮೆಟ್ಟಿಲ ಮೇಲಿನಿಂದ ನನ್ನನ್ನು ನೋಡಿ ಬಾಗಿಲು ಹಾಕಿಕೊಂಡಳು. ಅವಳನ್ನು ಶಾಲೆಯಲ್ಲಿ ಮಕ್ಕಳು ಕಸ ಎಂದು ಕರೆಯುತ್ತಿದ್ದರಂತೆ. ಬ್ರಿಟಾನಿಯಾ ಹೊರಗೆ ಬಂದಳು. ಕೈಯಲ್ಲಿ ಆ ಕಾಗದ. ಚಿತ್ರದ ಮುಖವನ್ನು ತೋರಿಸಲಿಲ್ಲ. ಕಾಲಿನ ಮೇಲೆ ಬೆರಳಿಟ್ಟಳು.

ಈ ಕಾಲು ನಾನು ತೊಳೆದದ್ದು ಎಂದಳು.

ನನಗೆ ನಿಂತಲ್ಲೇ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಅವಳು ಕೂಗಾಡಲಿಲ್ಲ. ನಿಧಾನವಾಗಿ, ನನಗೆ ಅರ್ಥವಾಗುವ ಇಂಗ್ಲಿಷಿನಲ್ಲಿ ಹೇಳಿದಳು. ಈ ಚಿತ್ರವನ್ನು ಕಮಿಟಿಯ ಎಲ್ಲರಿಗೂ ಕಳಿಸಿದ್ದಾರೆ. ನಮ್ಮ ಹೊಲದಲ್ಲಿ ಕಣ್ಣಾರೆ ಕಂಡದ್ದು ಎಂದು ಬರೆದುಕೊಟ್ಟಿದ್ದಾರೆ. ಹದಿನೆಂಟನೇ ತಾರೀಕು ಸಭೆ. ಅವತ್ತು ನಾವು ಸೋತರೆ ಈ ಮಕ್ಕಳು ರಸ್ತೆಬದಿಗೆ. ನಾನು ಸುಳ್ಳು ಎಂದರೆ ನಂಬುವುದಿಲ್ಲ. ನೀನು ಹೇಳುತ್ತೀಯಾ?

ನಾನು ಯಾವತ್ತೂ ನಾಲ್ಕು ಜನರ ಮುಂದೆ ಮಾತಾಡಿದವಳಲ್ಲ. ಶಾಲೆಯಲ್ಲಿ ಮಗ್ಗಿ ಹೇಳಲು ನಿಲ್ಲಿಸಿದರೆ ಲಂಗ ಒದ್ದೆ ಮಾಡಿಕೊಂಡವಳು. ತಲೆ ಆಡಿಸಿದೆ. ಹೌದೋ ಇಲ್ಲವೋ ನನಗೇ ತಿಳಿಯಲಿಲ್ಲ.

ಸಭೆ ಹಳ್ಳಿಯ ಸಮುದಾಯ ಭವನದಲ್ಲಿ. ಮಧ್ಯಾಹ್ನ ಎರಡು ಗಂಟೆ. ಜನರಿಗೆ ಟೀ ಕೊಡುವ ಜವಾಬ್ದಾರಿ ಅಕ್ಕ ತೆಗೆದುಕೊಂಡಿದ್ದರು. ಅಂದರೆ ನನಗೆ ಕೊಟ್ಟಿದ್ದರು. ಇನ್ನೂರು ಕಪ್ಪು ಜೋಡಿಸಿದೆ. ಎರಡು ಕೈಯಲ್ಲಿ ಎತ್ತಬೇಕಾದ ಅಲ್ಯೂಮಿನಿಯಂ ಕೆಟಲ್ ಹಿಡಿದು ಸಾಲು ಸಾಲು ತಿರುಗಿದೆ. ಕಪ್ಪು ಮುಂದೆ ಚಾಚುತ್ತಿದ್ದರು. ಯಾರೂ ಮುಖ ನೋಡಲಿಲ್ಲ. ವೇದಿಕೆಯ ಮೇಲೆ ಅಧ್ಯಕ್ಷೆ ಸೇರಿ ಕಮಿಟಿಯ ಒಂಬತ್ತು ಜನ ಸದಸ್ಯರು, ಬರೆದುಕೊಳ್ಳಲು ಒಬ್ಬಳು ಗುಮಾಸ್ತೆ. ಪಕ್ಕದಲ್ಲಿ ಸ್ಟ್ಯಾಂಡಿನ ಮೇಲೆ ನನ್ನ ಚಿತ್ರ. ನನ್ನ ಕೈಯಿಂದ ಚಹಾ ತೆಗೆದುಕೊಂಡು ಜನ ಆ ಚಿತ್ರದ ಕಡೆ ನೋಡಿ ಅಸಹ್ಯಪಟ್ಟುಕೊಳ್ಳುತ್ತಿದ್ದರು.

ಹಾರ್‌ಗ್ರೀವ್ ಮೊದಲು ಮಾತಾಡಿದರು. ತಾನು ಜಿಪ್ಸಿಗಳ ದ್ವೇಷಿಯಲ್ಲ, ಜೀವನವಿಡೀ ಅವರ ಚೆಲುವನ್ನು ಪ್ರೀತಿಸಿದವನು ಎಂದರು. ಆದರೆ ಕಲೆಗಾರ ಕಂಡದ್ದನ್ನು ಬರೆಯಬೇಕು, ಕಂಡದ್ದು ಇದು ಎಂದರು. ಚಪ್ಪಾಳೆ ಬಹಳ ಹೊತ್ತು.

ಬ್ರಿಟಾನಿಯಾಗೆ ಮೂರು ನಿಮಿಷ. ಕರಿಯ ಕೋಟು ಹಾಕಿ, ಕೂದಲು ಬಾಚಿ ಬಂದಿದ್ದಳು. ಈ ಹೆಂಗಸು ನಮ್ಮವಳಲ್ಲ, ಈ ಕಸ ನಮ್ಮದಲ್ಲ, ನಮ್ಮಲ್ಲಿ ನೆಲಕ್ಕೆ ಬಿದ್ದ ಚಮಚವನ್ನೂ ಮತ್ತೆ ಬಾಯಿಗೆ ಇಡುವುದಿಲ್ಲ ಎಂದಳು. ಹಿಂದಿನ ಸಾಲಿನಿಂದ ಯಾರೋ ಕದ್ದ ಚಮಚವೇ ಎಂದು ಕೇಳಿದರು. ಭವನವೆಲ್ಲ ನಕ್ಕಿತು. ಹಾಗಾದರೆ ಈ ಹೆಂಗಸು ಯಾರು ಎಂದು ಅಧ್ಯಕ್ಷೆ ಕೇಳಿದರು. ಬ್ರಿಟಾನಿಯಾ ನನ್ನ ಕಡೆ ನೋಡಲಿಲ್ಲ. ನನ್ನ ಹೆಸರು ಹೇಳಲಿಲ್ಲ. ಹೇಳಿದರೆ ನನಗೇನಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

ನಾನು ಕೆಟಲ್ ನೆಲದ ಮೇಲಿಟ್ಟೆ. ಬೂಟು ಬಿಚ್ಚಿದೆ. ಕಾಲುಚೀಲ ತೆಗೆದೆ. ಜನರ ನಡುವಿನಿಂದ ನಡೆದು ವೇದಿಕೆ ಹತ್ತಿದೆ. ಚಿತ್ರದ ಪಕ್ಕದಲ್ಲಿ ನಿಂತೆ. ಎಡಗಾಲು ಮುಂದೆ, ತಲೆ ಅಷ್ಟೇ ಬಾಗಿಸಿ, ಕೈ ಹಾಗೇ. ಮೂರು ವಾರ ನಿಂತ ಮೈ. ಅದಕ್ಕೆ ತಾನಾಗಿ ಬರುತ್ತಿತ್ತು.

ಕಪ್ಪೊಂದು ತಟ್ಟೆಗೆ ತಾಗಿದ ಸದ್ದು ಕೇಳಿಸಿತು.

"ಚಿತ್ರ ನಾನು," ಎಂದೆ. ಇಂಗ್ಲಿಷಿನಲ್ಲಿ. "ಹೊಲದವಳಲ್ಲ. ಹದಿನಾಲ್ಕನೇ ನಂಬರ್ ಮನೆ. ಕಸ ಹಾರ್‌ಗ್ರೀವ್ ಅವರ ಮನೆಯದು. ನಾನೇ ಹರಡಿದ್ದು."

ಹಾರ್‌ಗ್ರೀವ್ ಅವರ ಮುಖ ಕೆಂಪಾಯಿತು. ಗುಮಾಸ್ತೆ ಪೆನ್ನು ಎತ್ತಿಕೊಂಡಳು. ಹದಿನಾಲ್ಕನೇ ನಂಬರಿನವರು ಯಾರು ಎಂದು ಅಧ್ಯಕ್ಷೆ ಕೇಳಿದರು. ಎಲ್ಲರ ತಲೆಯೂ ಅಕ್ಕನ ಕಡೆ ತಿರುಗಿತು. ಎರಡು ವರ್ಷ ಅಕ್ಕ ಆ ಜನ ತನ್ನ ಕಡೆ ತಿರುಗಲಿ ಎಂದು ಕಾದಿದ್ದರು.

ಅಕ್ಕ ಎದ್ದು ನಿಂತರು. ಸೆರಗು ಸರಿಮಾಡಿಕೊಂಡರು. ಅವತ್ತು ಬೇಕೆಂದೇ ಮೈಸೂರು ರೇಷ್ಮೆ ಉಟ್ಟಿದ್ದರು.

"ಅವಳು ನಮ್ಮ ಮನೆಯಲ್ಲಿ ಕೆಲಸಕ್ಕಿರುವುದು ನಿಜ," ಎಂದರು. ಮೆತ್ತಗಿನ, ಚಂದದ ಇಂಗ್ಲಿಷು. "ಆದರೆ ಅವಳೂ ಅವರೇ. ಮೂಲದಲ್ಲಿ ಜಿಪ್ಸಿ. ಅವರ ಭಾಷೆಯನ್ನೇ ಆಡುತ್ತಾಳೆ. ದಿನವೂ ಆ ಹೊಲಕ್ಕೆ ಹೋಗುತ್ತಿದ್ದಳು. ನಮ್ಮ ಮಾತು ಕೇಳುವುದಿಲ್ಲ."

ಟೀ ಕುಡಿಯುತ್ತ ಹೇಳಿದ್ದ ಅದೇ ಮಾತುಗಳು. ಅವತ್ತು ಹೆಮ್ಮೆಗೆ ಹೇಳಿದ್ದರು.

ಹಾರ್‌ಗ್ರೀವ್ ಉಸಿರು ಬಿಟ್ಟರು. ನಾನು ಹೇಳಿದ್ದೂ ಅದೇ, ಜಿಪ್ಸಿ ಹೆಂಗಸನ್ನು ಎದುರಿಗೆ ನೋಡಿ ಬರೆದೆ, ಈಗ ಅವಳೇ ಬಂದು ಒಪ್ಪಿಕೊಂಡಳು ಎಂದರು. ಜನ ನಕ್ಕರು. ಆಗಲೇ ಒಂದು ನಮ್ಮ ಬೀದಿಗೇ ಬಂದಾಯಿತಲ್ಲ ಎಂದಿತು ಒಂದು ದನಿ. ಹದಿನಾಲ್ಕನೇ ನಂಬರಿನವರೇ, ನಿಮ್ಮ ಚಮಚ ಎಣಿಸಿಕೊಳ್ಳಿ ಎಂದಿತು ಇನ್ನೊಂದು. ಮತ್ತೆ ನಗು. ಅಕ್ಕನೂ ನಕ್ಕರು. ಉಳಿದವರೆಲ್ಲ ನಕ್ಕು ನಿಲ್ಲಿಸುವ ಹೊತ್ತಿಗೆ ಅವರ ನಗು ಶುರುವಾಯಿತು.

ಇದು ಕಾರ್ಯಸೂಚಿಯಲ್ಲಿಲ್ಲ, ಬರೆದುಕೊಳ್ಳಬೇಡಿ ಎಂದು ಅಧ್ಯಕ್ಷೆ ಗುಮಾಸ್ತೆಗೆ ಹೇಳಿದರು. ಗುಮಾಸ್ತೆ ಪೆನ್ನು ಕೆಳಗಿಟ್ಟಳು.

ಒಂಬತ್ತರಲ್ಲಿ ಎಂಟು ಕೈ ಎದ್ದವು. ಅನುಮತಿ ಇಲ್ಲ.

ನಾನು ಬರಿಗಾಲಲ್ಲೇ ಇಳಿದು ಬಂದೆ. ಕಪ್ಪುಗಳನ್ನು ತೊಳೆಯುವವರು ಬೇರೆ ಯಾರೂ ಇರಲಿಲ್ಲ. ಇನ್ನೂರು ಕಪ್ಪನ್ನೂ ತೊಳೆದೆ.

ಮನೆಗೆ ಬಂದ ಮೇಲೆ ಅಕ್ಕ ಅತ್ತರು. ಹೊಡೆದಿದ್ದರೆ ಚೆನ್ನಾಗಿತ್ತು. "ಎಷ್ಟು ಮಾಡಿದ್ವೇ ನಿಂಗೆ. ವಿಮಾನ ಹತ್ತಿಸಿ ಕರ್ಕೊಂಡ್ ಬಂದ್ವಿ. ಎಲ್ಲರ ಮುಂದೆ ಮಾನ ಕಳೆದ್ಯಲ್ಲ." ಮಾರ್ಚಿಯಲ್ಲಿ ಅವರ ತಾಯಿ ಬರುತ್ತಾರೆ, ಅವರು ಬಂದ ವಾರವೇ ನಿನ್ನನ್ನು ವಾಪಸ್ ಕಳಿಸುತ್ತೇವೆ ಎಂದರು. ಅಲ್ಲಿಯ ತನಕ ಕಾಲುವೆಯ ಕಡೆ ಹೆಜ್ಜೆ ಇಡಕೂಡದು. ಮಗುವನ್ನು ಶಾಲೆಗೆ ಬಿಡುವುದನ್ನೂ ತಪ್ಪಿಸಿದರು. ಅಡಿಗೆ, ಬಟ್ಟೆ, ಪಾತ್ರೆ ತಪ್ಪಿಸಲಿಲ್ಲ. ಬುಧವಾರದ ಕ್ಲಾಸಿಗೆ ಅವರನ್ನು ಮತ್ತೆ ಯಾರೂ ಕರೆಯಲಿಲ್ಲ. ಹಳ್ಳಿಯಲ್ಲಿ ಹದಿನಾಲ್ಕನೇ ನಂಬರಿಗೆ ಜಿಪ್ಸಿಗಳ ಮನೆ ಎಂದು ಹೆಸರು ಬಿದ್ದಿತ್ತು. ಅದನ್ನು ಅಕ್ಕ ನನಗೆ ಹೇಳಲಿಲ್ಲ. ಅದಿತಿ ಹೇಳಿದಳು. ಅವಳನ್ನೂ ಶಾಲೆಯಲ್ಲಿ ಹಾಗೇ ಕರೆಯುತ್ತಿದ್ದರು.

ಮಾರ್ಚಿಯ ಎರಡನೇ ಮಂಗಳವಾರ ಹೊಲದವರನ್ನು ಎಬ್ಬಿಸುವವರು ಬಂದರು. ಹಳದಿ ಜಾಕೆಟ್ಟಿನ ಮೂವತ್ತು ಜನ, ಎರಡು ಜೆಸಿಬಿ, ಪೊಲೀಸು. ಸದ್ದು ಮನೆಗೆ ಕೇಳಿಸಿತು. ಶನಿವಾರ ನನ್ನ ವಿಮಾನ. ಕುಕ್ಕರ್ ಒಲೆಯ ಮೇಲಿತ್ತು. ಆರಿಸಿ, ಬಾಗಿಲು ತೆಗೆದು ನಡೆದೆ. ಅಕ್ಕ ಮೆಟ್ಟಿಲ ಮೇಲಿನಿಂದ ಸಕ್ಕು ಎಂದು ಕೂಗಿದರು. ತಿರುಗಿ ನೋಡಲಿಲ್ಲ.

ಗಾಡಿಗಳನ್ನು ವ್ಯಾನುಗಳಿಗೆ ಕಟ್ಟುತ್ತಿದ್ದರು. ನಾನು ಗ್ಯಾಸ್ ಸಿಲಿಂಡರ್ ಹೊತ್ತೆ. ಬೇಸಿನ್ನುಗಳನ್ನು ಒಂದಕ್ಕೊಂದು ತಾಗದ ಹಾಗೆ ಬೇರೆ ಬೇರೆ ಬಟ್ಟೆಯಲ್ಲಿ ಸುತ್ತಿಕೊಟ್ಟೆ. ಜೆಸಿಬಿ ಅವರು ಹಾಕಿದ್ದ ಜಲ್ಲಿ ನೆಲವನ್ನು ಆಗಲೇ ಕಿತ್ತು ಹಾಕುತ್ತಿತ್ತು. ಒಬ್ಬ ಅಧಿಕಾರಿ ಹಲಗೆಗೆ ಕಾಗದ ಸಿಕ್ಕಿಸಿಕೊಂಡು ಹೆಸರು ಬರೆಯುತ್ತಿದ್ದ. ನನ್ನ ಮುಂದೆ ನಿಂತು ನೀನೂ ಇವರವಳೇ ಎಂದು ಕೇಳಿದ.

ಹೌದು ಎಂದೆ. ಅಷ್ಟು ಜನರ ಮುಂದೆ ಅಕ್ಕನೇ ಹೇಳಿದ್ದಲ್ಲವೇ.

"ಇಲ್ಲ," ಎಂದಳು ಬ್ರಿಟಾನಿಯಾ. ತಟ್ಟೆಯ ಪೆಟ್ಟಿಗೆ ಹಿಡಿದು ನನ್ನ ಮುಂದೆ ಬಂದಳು. "ಇವಳು ನಮ್ಮವಳಲ್ಲ. ಅದನ್ನ ಆವತ್ತೇ ಹೇಳಿದ್ವಿ. ನೀವು ಬರ್ಕೊಳ್ಳಲಿಲ್ಲ. ಈಗ ಬರ್ಕೊಳ್ಳಿ."

ಅವನ ಕಾಗದದಲ್ಲಿ ಅದಕ್ಕೆ ಜಾಗವಿರಲಿಲ್ಲ. ಮುಂದಿನ ಗಾಡಿಗೆ ಹೋದ.

ಆಗ ರಸ್ತೆಯ ಆಚೆ ಬದಿಯಲ್ಲಿ ಹಾರ್‌ಗ್ರೀವ್ ಕಂಡರು. ಮಡಚುವ ಸ್ಟೂಲು ಬಿಡಿಸಿ ಕೂತು, ಮಂಡಿಯ ಮೇಲೆ ಹಲಗೆ ಇಟ್ಟುಕೊಂಡು, ಪೆನ್ಸಿಲ್ ಚೂಪು ಮಾಡುತ್ತಿದ್ದರು. ಪಕ್ಕದಲ್ಲಿ ನಿಂತವರಿಗೆ ಇಂಥ ದೃಶ್ಯ ಇನ್ನು ಸಿಗುವುದಿಲ್ಲ ಎನ್ನುತ್ತಿದ್ದರು. ಕಣ್ಣಿನಲ್ಲಿ ನಿಜವಾಗಿಯೂ ನೀರಿತ್ತು.

ನಾನು ರಸ್ತೆ ದಾಟಿ ಅವರ ಮುಂದೆ ನಿಂತೆ. ಎರಡು ಅಡಿ ದೂರದಲ್ಲಿ. ಬೆನ್ನು ಅವರಿಗೆ.

ದಯವಿಟ್ಟು ಪಕ್ಕಕ್ಕೆ ಸರಿ ಎಂದರು. ಸರಿಯಲಿಲ್ಲ. ಸ್ಟೂಲನ್ನು ಎಡಕ್ಕೆ ಎಳೆದುಕೊಂಡರು. ನಾನೂ ಎಡಕ್ಕೆ ನಡೆದೆ. ಬಲಕ್ಕೆ ಹೋದರು. ಬಲಕ್ಕೆ ನಡೆದೆ. ಎದ್ದು ನಿಂತು ನನ್ನ ಹೆಗಲ ಮೇಲಿನಿಂದ ನೋಡಲು ಹೋದರು. ಹೊದ್ದಿದ್ದ ಶಾಲು ತೆಗೆದು ಎರಡೂ ಕೈಯಲ್ಲಿ ಎತ್ತಿ ಹಿಡಿದೆ. ಪೊಲೀಸನನ್ನು ಕರೆದರು. ರಸ್ತೆಯ ಮೇಲೆ ನಿಲ್ಲುವುದು ಅಪರಾಧವಲ್ಲ ಎಂದು ಅವನು ಆಕಳಿಸಿದ. ಬೆಲೆಯಿಲ್ಲದ ಹೆಣ್ಣೇ, ನಿನ್ನನ್ನು ಚಿತ್ರದಲ್ಲಿ ಅಮರ ಮಾಡಿದೆನಲ್ಲ ಎಂದರು ಹಾರ್‌ಗ್ರೀವ್. ಶಾಲು ಇಳಿಸಲಿಲ್ಲ.

ನನ್ನ ಎದುರಿಗೆ ಎಂಟು ಗಾಡಿಗಳು ಒಂದೊಂದಾಗಿ ಗೇಟು ದಾಟಿದವು. ಮೊಮ್ಮಗಳು ಹಿಂದಿನ ಗಾಜಿಗೆ ಮುಖ ಒತ್ತಿಕೊಂಡಿದ್ದಳು. ಬ್ರಿಟಾನಿಯಾ ಮುಂದೆ ನೋಡುತ್ತಿದ್ದಳು. ಯಾರೂ ಕೈ ಬೀಸಲಿಲ್ಲ. ಅದನ್ನೆಲ್ಲ ನೋಡಿದವಳು ನಾನು.

ಕೊನೆಯ ಗಾಡಿ ಸೇತುವೆಯ ಆಚೆ ಇಳಿದ ಮೇಲೆ ಶಾಲು ಹೊದ್ದುಕೊಂಡು ಪಕ್ಕಕ್ಕೆ ಸರಿದೆ. ಈಗ ಬರೆಯಿರಿ ಎಂದೆ.

ಹೊಲದಲ್ಲಿ ಜೆಸಿಬಿ ಅಗೆದ ಹೊಂಡಗಳಿದ್ದವು, ಅಷ್ಟೆ.